ಹಿಂದಿನ ಸಾಲಿನಲ್ಲಿ ಅತ್ತೆ

ಆಫೀಸಿನಲ್ಲಿ ಯಾರಾದರೂ ಮೊದಲ ಡಿಎಸ್‌ಎಲ್‌ಆರ್ ಕೊಂಡರೆ ನನ್ನನ್ನು ಕೇಳಲು ಬರುತ್ತಾರೆ. ನಾನು ಹೇಳುವುದು ಸ್ವಲ್ಪವೇ. ಕ್ಯಾಮೆರಾದ ಜೊತೆಗೆ ಬರುವ ಲೆನ್ಸನ್ನೇ ಆರು ತಿಂಗಳು ಬಳಸಿ. ಏಸಿ ಕೋಣೆಯಿಂದ ಹೊರಗೆ ತಂದ ಕೂಡಲೇ ಚಿತ್ರ ತೆಗೆಯಬೇಡಿ. ಚೆನ್ನೈ ಗಾಳಿಗೆ ಗಾಜು ಬೆವರುತ್ತದೆ, ಕಾಲು ಗಂಟೆ ಚೀಲದಲ್ಲೇ ಇರಲಿ. ಹಿಂಬದಿಯ ಪುಟ್ಟ ಪರದೆಯನ್ನು ನಂಬಬೇಡಿ, ಚಿತ್ರವನ್ನು ದೊಡ್ಡದು ಮಾಡಿ ಒಂದೊಂದು ಮುಖವನ್ನೂ ನೋಡಿ. ಗುಂಪಿನ ಚಿತ್ರಕ್ಕೆ ಅಪರ್ಚರ್ ಎಂಟರಲ್ಲಿ ಇಡಿ. ಕೊನೆಯ ಎರಡು ಮಾತು ಹೇಳುವಾಗ ನಾನು ಎದುರಿಗಿರುವವರ ಮುಖ ನೋಡುವುದಿಲ್ಲ.

ನಾನು ಕ್ಯಾಮೆರಾ ಕೊಂಡು ಎರಡು ತಿಂಗಳಾಗಿತ್ತು. ತಂದೆಯ ಅರವತ್ತರ ಶಾಂತಿಯನ್ನು ವೆಸ್ಟ್ ಮಾಂಬಲಂನಲ್ಲಿ, ಸ್ಟೇಷನ್ನಿಗೆ ಹತ್ತಿರದ ಒಂದು ಸಣ್ಣ ಮಂಟಪದಲ್ಲಿ ಇಟ್ಟುಕೊಂಡಿದ್ದರು. ನಮ್ಮ ಮನೆಯ ಶುಭಕಾರ್ಯಗಳಿಗೆಲ್ಲ ಚಿತ್ರ ತೆಗೆಯುತ್ತಿದ್ದವರು ಅದೇ ಬೀದಿಯ ಸ್ಟುಡಿಯೋದ ವಯಸ್ಸಾದ ತಮಿಳರು. ಈ ಸಲ ಅವರು ಬೇಡ, ನಾನೇ ತೆಗೆಯುತ್ತೇನೆ ಎಂದೆ. ತಂದೆ ಸಂಕೋಚಪಟ್ಟುಕೊಂಡು ಅವರನ್ನು ಊಟಕ್ಕೆ ಮಾತ್ರ ಕರೆದರು.

ತಂದೆಗೆ ಒಬ್ಬಳೇ ಅಕ್ಕ, ನನ್ನ ಅತ್ತೆ. ಮದುವೆಯಾದ ಮೂರನೆಯ ವರ್ಷಕ್ಕೇ ಗಂಡನನ್ನು ಕಳೆದುಕೊಂಡವರು. ಆಮೇಲೆ ಟೈಪಿಂಗ್ ಕಲಿತು, ಅಡ್ಯಾರಿನ ಒಂದು ಆಫೀಸಿಗೆ ಸೇರಿ, ಮೈಸೂರಿನಿಂದ ತಮ್ಮನನ್ನು ಕರೆಸಿಕೊಂಡು ಓದಿಸಿದರು. ನಿವೃತ್ತಿಯವರೆಗೂ ದುಡಿದು ಈಗ ನಮ್ಮ ಜೊತೆಗೇ ಇದ್ದರು. ಶುಭಕಾರ್ಯಗಳಲ್ಲಿ ಅಡುಗೆ, ಲೆಕ್ಕಾಚಾರ, ಬಂದವರ ಉಪಚಾರ ಎಲ್ಲವೂ ಅವರದೇ. ಆರತಿಯ, ಚಿತ್ರ ತೆಗೆಯುವ ಹೊತ್ತಿಗೆ ಮಾತ್ರ ಒಳಗೆ ಸರಿದುಬಿಡುತ್ತಿದ್ದರು. ಹೋಗು ಎಂದು ಯಾರೂ ಹೇಳುತ್ತಿರಲಿಲ್ಲ. ಇರು ಎಂದೂ ಯಾರೂ ಹೇಳುತ್ತಿರಲಿಲ್ಲ, ನಾನೂ ಸೇರಿದಂತೆ. ಹಾಗಾಗಿ ಮನೆಯ ಯಾವ ಆಲ್ಬಮ್ಮಿನಲ್ಲೂ ಅಕ್ಕ ತಮ್ಮ ಒಟ್ಟಿಗೆ ಇರುವ ಒಂದು ಚಿತ್ರವಿರಲಿಲ್ಲ.

ಆ ದಿನ ಎಲ್ಲರೂ ಗುಂಪಾಗಿ ನಿಲ್ಲುವಾಗ ತಂದೆ ಅಡುಗೆಮನೆಗೆ ಹೋಗಿ ಅವರ ಕೈ ಹಿಡಿದು ಕರೆತಂದರು.

"ಬಿಡೋ, ಇಂಥದಕ್ಕೆಲ್ಲ ನಾನ್ಯಾಕೆ."

"ನೀನಿಲ್ದೆ ನಂಗೆ ಅರವತ್ತು ಎಲ್ಲಿ ಆಗ್ತಿತ್ತಕ್ಕ. ಸುಮ್ನೆ ಬಾ."

"ಬೇಗ ಬಾಕ್ಕ," ಎಂದರು ತಂದೆಯ ಚಿಕ್ಕಪ್ಪನ ಮಗ, ನನಗೆ ಚಿಕ್ಕಪ್ಪ. "ಅವಳ ಕೈಲಿರೋದು ನೋಡು, ತೋಪಿದ್ದಂಗಿದೆ. ಲೇಟ್ ಮಾಡಿದ್ರೆ ಎಲ್ಲರನ್ನೂ ಸುಟ್ಟುಬಿಡ್ತಾಳೆ."

ಅತ್ತೆ ನಕ್ಕರು. ತಂದೆ ಪಕ್ಕದಲ್ಲೇ ನಿಲ್ಲು ಎಂದರೂ ಕೇಳದೆ, ಇಲ್ಲೇ ಸಾಕು ಎಂದು ಮೂರನೆಯ ಸಾಲಿನ ತುದಿಗೆ ಹೋಗಿ, ಸೆರಗು ಸರಿಮಾಡಿಕೊಂಡು ನಿಂತರು.

ಆ ಎರಡು ತಿಂಗಳಲ್ಲೇ ನಾನು ಇನ್ನೊಂದು ಲೆನ್ಸ್ ಕೊಂಡಿದ್ದೆ, ಅಪರ್ಚರ್, ಅಂದರೆ ಬೆಳಕು ಬರುವ ಕಿಂಡಿ, ತುಂಬ ಅಗಲವಾಗಿ ತೆರೆದುಕೊಳ್ಳುವಂಥದ್ದು. ಹಾಗೆ ತೆರೆದರೆ ಹಿಂದಿನದೆಲ್ಲ ಮಸುಕಾಗಿ ಮುಂದಿನ ಮುಖವೊಂದೇ ಎದ್ದು ಕಾಣುತ್ತದೆ. ಅಂಥ ಚಿತ್ರಗಳನ್ನು ಇಂಟರ್ನೆಟ್ಟಿನಲ್ಲಿ ನೋಡಿ ನೋಡಿ, ಫ್ಲಾಶ್ ಹಾಕುವವರು ಕಲೆ ಗೊತ್ತಿಲ್ಲದವರು ಎಂದುಕೊಂಡಿದ್ದೆ. ಟ್ಯೂಬ್‌ಲೈಟಿನ ಬೆಳಕಿಗೆ ಲೆನ್ಸನ್ನು ಪೂರ್ತಿ ತೆರೆದು, ಮುಂದೆ ನೆಲದ ಮೇಲೆ ಕೂತ ಒಂದು ಮಗುವಿನ ಮೇಲೆ ಫೋಕಸ್ ಮಾಡಿದೆ.

ಸ್ಟುಡಿಯೋದವರು ನನ್ನ ಹಿಂದೆ ಕೈಕಟ್ಟಿ ನಿಂತಿದ್ದರು. ಬೇರೆಯವರಿಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದರು: "ಪಿನ್ನಾಡಿ ನಿಕ್ಕಿರವಂಗ ತೆಳಿವಾ ವರಮಾಟ್ಟಾಂಗಮ್ಮಾ. ಎಟ್ಟುಲ ವೈಂಗ." ಹಿಂದೆ ನಿಂತವರು ಸ್ಪಷ್ಟವಾಗಿ ಬರುವುದಿಲ್ಲ, ಎಂಟರಲ್ಲಿ ಇಡಿ ಎಂದು.

"ಇದು ಡಿಜಿಟಲ್ ಸಾರ್," ಎಂದೆ, ತಿರುಗಿ ನೋಡದೆ.

ಅವರು ಊಟದ ಪಂಕ್ತಿಯ ಕಡೆ ನಡೆದರು. ನಾನು ಹನ್ನೆರಡು ಸಲ ಒತ್ತಿದೆ. ಪುಟ್ಟ ಪರದೆಯಲ್ಲಿ ಎಲ್ಲವೂ ಚೊಕ್ಕಟವಾಗಿ ಕಂಡಿತು. ಗುಂಪು ಚದುರಿತು.

ಮರುದಿನ ಕಂಪ್ಯೂಟರಿನಲ್ಲಿ ನೋಡಿದೆ. ಮಗುವಿನ ರೆಪ್ಪೆಗಳನ್ನು ಎಣಿಸಬಹುದಿತ್ತು. ಕುರ್ಚಿಗಳಲ್ಲಿ ಕೂತಿದ್ದ ತಂದೆ ತಾಯಿ ಸುಮಾರಾಗಿ ಬಂದಿದ್ದರು. ಮೂರನೆಯ ಸಾಲಿನಲ್ಲಿ ಯಾರಿಗೂ ಕಣ್ಣುಗಳಿರಲಿಲ್ಲ. ಉಳಿದವರೆಲ್ಲ ಬೇರೆ ಚಿತ್ರಗಳಲ್ಲಿ ಇದ್ದರು. ಅತ್ತೆ ಇದ್ದದ್ದು ಈ ಹನ್ನೆರಡರಲ್ಲಿ ಮಾತ್ರ. ಹನ್ನೆರಡರಲ್ಲೂ ಅವರ ಮುಖ ಒದ್ದೆ ಬೆರಳಿನಿಂದ ಒರೆಸಿದ ಹಾಗಿತ್ತು. ಸಾಫ್ಟ್‌ವೇರಿನಲ್ಲಿ ತಿದ್ದಲು ನೋಡಿದೆ. ಮುಖವೆಲ್ಲ ರವೆ ರವೆಯಾಯಿತು.

ಟಿ. ನಗರದ ಲ್ಯಾಬಿನಲ್ಲಿ ಉಳಿದ ಚಿತ್ರಗಳನ್ನು ಮಾತ್ರ ಪ್ರಿಂಟ್ ಹಾಕಿಸಿ ಆಲ್ಬಮ್ ಮಾಡಿದೆ. ಗುಂಪಿನ ಚಿತ್ರ ಎಲ್ಲಿ ಎಂದು ತಂದೆ ಕೇಳಿದಾಗ, ಆ ಚಿತ್ರಗಳಿದ್ದ ಮೆಮೊರಿ ಕಾರ್ಡ್ ಕೆಟ್ಟುಹೋಯಿತು ಎಂದೆ. ನಾನು ಸುಳ್ಳು ಹೇಳುವವಳಲ್ಲ ಎಂದು ಮನೆಯಲ್ಲಿ ಎಲ್ಲರೂ ನಂಬಿದ್ದರು. ಅದು ಅನುಕೂಲವಾಯಿತು.

ಅತ್ತೆ ಆಲ್ಬಮ್ಮನ್ನು ಕೊನೆಯ ಹಾಳೆಯವರೆಗೂ ನಿಧಾನವಾಗಿ ತಿರುವಿದರು.

"ನಾನು ನಿಂತಿದ್ದು ಮಾತ್ರ ಹೋಯ್ತೇನೆ?"

"ಹೌದು ಅತ್ತೆ."

"ಬೇರೆ ಎಲ್ಲ ಸರಿಯಾಗಿದೆ."

"ಇದೆ."

"ನೋಡಿದ್ಯಾ. ನಾನು ಬರ್ಬಾರ್ದಾಗಿತ್ತು."

ಅವರು ಏನು ಹೇಳುತ್ತಿದ್ದಾರೆಂದು ನನಗೆ ಆಗಲೇ ಅರ್ಥವಾಯಿತು. ಗೊತ್ತಾಗಲಿಲ್ಲ ಎಂದು ಬರೆದರೆ ಅದು ಎರಡನೆಯ ಸುಳ್ಳಾಗುತ್ತದೆ. ಶುಭದ ಸಾಲಿನಲ್ಲಿ ತಾವು ನಿಂತದ್ದಕ್ಕೇ ಚಿತ್ರ ಕೆಟ್ಟಿತು ಎಂದು ಅವರು ಎಣಿಸಿದ್ದರು. ಒಂದು ವಾಕ್ಯ ಸಾಕಿತ್ತು. ಕ್ಯಾಮೆರಾ ಗೊತ್ತಿರುವವಳು ಎಂಬ ಹೆಸರು ನನಗೆ ಬೇಕಾಗಿತ್ತು. ಆಲ್ಬಮ್ ತೆಗೆದುಕೊಂಡು ಕಪಾಟಿನಲ್ಲಿಟ್ಟೆ.

ಆ ವಾರದಿಂದ ಅತ್ತೆ ರಾತ್ರಿ ಊಟ ಬಿಟ್ಟರು. ಕೇಳಿದರೆ, ಈ ವಯಸ್ಸಿಗೆ ಜೀರ್ಣವಾಗುವುದಿಲ್ಲ ಎನ್ನುತ್ತಿದ್ದರು. ನಾವು ನಂಬಿದೆವು.

ಐದು ತಿಂಗಳ ನಂತರ, ನವರಾತ್ರಿಯಲ್ಲಿ ಚಿಕ್ಕಪ್ಪನ ಮೊಮ್ಮಗಳು ಗೊಂಬೆ ನೋಡಲು ಬಂದಳು. ಕೈಯಲ್ಲಿ ಅವರಪ್ಪನ ಪುಟ್ಟ ಕ್ಯಾಮೆರಾ. "ಪಾಟಿ, ಇಂಗ ಪಾರುಂಗ," ಎಂದು ಅತ್ತೆಯನ್ನು ಕರೆದಳು, ಅಜ್ಜಿ, ಇಲ್ಲಿ ನೋಡಿ ಎಂದು. ಗೊಂಬೆಗಳ ಮುಂದೆ ಕೂತಿದ್ದ ಅತ್ತೆ ತಕ್ಷಣ ಎದ್ದು ಪಕ್ಕಕ್ಕೆ ಸರಿದರು.

"ನನ್ನ ಬಿಟ್ಟು ತೆಗಿ ಮರಿ. ನಾನಿದ್ರೆ ಕೆಟ್ಟೋಗತ್ತೆ."

ಮಗು ಕ್ಯಾಮೆರಾ ಇಳಿಸಿ ಅವರನ್ನೇ ನೋಡಿತು. ಆಮೇಲೆ, ಅವರು ಹೇಳಿದ್ದು ಸಹಜವೆಂಬಂತೆ, ಅವರನ್ನು ಬಿಟ್ಟು ಗೊಂಬೆಗಳ ಚಿತ್ರ ತೆಗೆಯಿತು.

ಬಂದವರೆಲ್ಲ ಹೋದ ಮೇಲೆ ಅತ್ತೆಯನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಆ ಚಿತ್ರ ತೆರೆದೆ. ಕಾರ್ಡ್ ಕೆಡಲಿಲ್ಲ, ಲೆನ್ಸನ್ನು ತಪ್ಪಾಗಿ ಇಟ್ಟದ್ದು ನಾನು, ಹಿಂದಿನ ಸಾಲಿನವರೆಲ್ಲ ಹೀಗೇ ಬಂದಿದ್ದಾರೆ ಎಂದೆ. ಅವರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು.

"ಇದು ನಿನ್ನ ಚಿಕ್ಕಮ್ಮ ಅಲ್ವಾ? ಅವಳೂ ಹೀಗೇ ಬಂದಿದಾಳೆ."

"ಎಲ್ಲರೂ ಅತ್ತೆ."

"ಮತ್ತೆ ಹೇಳ್ಬಾರ್ದಾಗಿತ್ತೇನೆ. ಅವನಿಗೇನಾಗತ್ತೋ ಅಂತ ನಾನು ಒಪ್ಪೊತ್ತು ಹಿಡಿದಿದೀನಲ್ಲೇ."

ಆಗ ತಿಳಿಯಿತು. ತಮ್ಮನ ಶಾಂತಿಯ ದಿನ ತಮ್ಮಿಂದ ಅಪಶಕುನವಾಯಿತೆಂದು ಹೆದರಿ, ಅವನ ಆಯುಸ್ಸಿಗಾಗಿ ದಿನಕ್ಕೆ ಒಂದೇ ಊಟದ ಸಂಕಲ್ಪ ಮಾಡಿದ್ದರು, ಮುಂದಿನ ವರ್ಷದ ಜನ್ಮನಕ್ಷತ್ರದವರೆಗೆ.

"ಇವತ್ತಿಂದ ಬಿಟ್ಬಿಡಿ ಅತ್ತೆ. ನಿಮ್ಮಿಂದ ಏನೂ ಆಗಿಲ್ಲ."

"ದೇವರ ಮುಂದೆ ನೀರು ಬಿಟ್ಟು ಹೇಳಿದ್ದು. ಅರ್ಧಕ್ಕೆ ನಿಲ್ಸಿದ್ರೆ ಅದು ಬೇರೆ ದೋಷ. ಇನ್ನು ಏಳು ತಿಂಗಳು ತಾನೆ, ಹೋಗತ್ತೆ." ಕನ್ನಡಕ ತೆಗೆದು ಮಡಿಸುತ್ತ, "ಅವನಿಗೆ ಹೇಳ್ಬೇಡ, ನೊಂದ್ಕೋತಾನೆ," ಎಂದರು.

ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ. ಹೇಳಬೇಡ ಎಂದದ್ದೂ ನನಗೆ ಅನುಕೂಲವೇ ಆಯಿತು. ತಂದೆ ಈಗಲೂ ಕಾರ್ಡ್ ಕೆಟ್ಟಿತೆಂದೇ ತಿಳಿದಿದ್ದಾರೆ.

ಆ ಏಳು ತಿಂಗಳು ಪ್ರತಿದಿನ ರಾತ್ರಿ ಎಂಟಕ್ಕೆ ನಾವು ಊಟಕ್ಕೆ ಕೂರುತ್ತಿದ್ದೆವು. ಬಡಿಸುತ್ತಿದ್ದವರು ಅತ್ತೆ. ನಾನು ಬೇಗ ಮುಗಿಸಿ ಏಳಲು ಹೋದರೆ, ಸೌಟು ಹಿಡಿದು ಅಡ್ಡ ನಿಲ್ಲುತ್ತಿದ್ದರು.

"ಸಾರನ್ನ ಆಯ್ತು ಅಷ್ಟೆ. ಮೊಸರಿಗೆ ಇನ್ನೊಂದು ತುತ್ತು ಹಾಕ್ಕೋ."

ನಾನು ತಟ್ಟೆ ಚಾಚುತ್ತಿದ್ದೆ.