ಒಳಮೂಲೆಯ ಪೆನ್ಸಿಲ್ ಅಕ್ಷರಗಳು

ಬಾಡಿಗೆಗೆ ಪುಸ್ತಕ ಕೊಡುವ ಆ ಅಂಗಡಿಯಲ್ಲಿ ಅವಳನ್ನು ಎಲ್ಲರೂ ರಬ್ಬರಮ್ಮ ಎಂದೇ ಕರೆಯುತ್ತಿದ್ದರು. ಓದಿ ವಾಪಸು ಬಂದ ಪುಸ್ತಕ ಮೊದಲು ಅವಳ ಮೇಜಿಗೆ ಬರಬೇಕು. ಬಿಚ್ಚಿದ ಹೊಲಿಗೆ ಹಾಕಿಸಿಕೊಂಡು, ಹರಿದ ಅಂಚಿಗೆ ತೆಳು ಕಾಗದ ಅಂಟಿಸಿಕೊಂಡು, ಓದಿದವರು ಗೀಚಿದ್ದನ್ನೆಲ್ಲ ಉಜ್ಜಿಸಿಕೊಂಡು ಆಮೇಲೆ ಕಪಾಟು ಸೇರಬೇಕು. ಅಂಗಡಿಯ ಹಿಂಭಾಗದಲ್ಲಿ ಹಲಗೆ ಅಡ್ಡಕಟ್ಟಿ ಅವಳಿಗೊಂದು ಜಾಗ ಮಾಡಿದ್ದರು. ಒಂದು ಮೇಜು, ಒಂದು ಕಿಟಕಿ, ಅಂಟಿನ ಡಬ್ಬಿ, ಮೇಣ ಹಚ್ಚಿದ ದಾರ, ಮೂರು ಥರದ ರಬ್ಬರು. ನುಣುಪು ಕಾಗದಕ್ಕೊಂದು, ಹಳದಿ ತಿರುಗಿದ ಹಳೆಯ ಕಾಗದಕ್ಕೊಂದು, ಮಸಿ ಕದಡುವ ಅಗ್ಗದ ಕಾಗದಕ್ಕೆ ಕಣಕದ ಹಾಗೆ ನಾದಿಕೊಳ್ಳುವ ಮೆತ್ತನೆಯದೊಂದು. ಅವಳು ಉಜ್ಜಿದ ಪುಟವನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೂ ಪೆನ್ಸಿಲ್ಲು ಊರಿದ ತಗ್ಗು ಕಾಣುತ್ತಿರಲಿಲ್ಲ. ಹತ್ತು ಜನ ಓದಿದ ಮೇಲೂ ನಮ್ಮ ಪುಸ್ತಕ ಹೊಸದೇ ಎಂದು ಅಂಗಡಿಯವರು ಬಂದವರೆದುರು ಹೇಳಿಕೊಳ್ಳುವಾಗ, ಹಲಗೆಯ ಹಿಂದೆ ಕೂತ ಅವಳ ಬೆನ್ನು ತಾನೇ ನೆಟ್ಟಗಾಗುತ್ತಿತ್ತು. ಬಾಳಿನಲ್ಲಿ ಜಂಬ ಪಡಲು ಅವಳಿಗೆ ಸಿಕ್ಕಿದ್ದು ಅದೊಂದೇ. ಅದನ್ನು ಅವಳು ಬಿಗಿಯಾಗಿ ಹಿಡಿದುಕೊಂಡಿದ್ದಳು.

ಈ ಅಂಗಡಿಗೆ ಬರುವ ಮೊದಲು ಇಪ್ಪತ್ತೆರಡು ವರ್ಷ ಒಂದು ಅಚ್ಚುಕೂಟದ ಬೈಂಡಿಂಗ್ ಕೋಣೆಯಲ್ಲಿ ನಿಂತು ದುಡಿದವಳು. ಅದು ಬಾಗಿಲು ಹಾಕಿಕೊಂಡಿತು. ಗಂಡ ಅದಕ್ಕೂ ಮೊದಲೇ ತೀರಿಕೊಂಡಿದ್ದ. ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಮಂಚ, ಒಂದು ಟ್ರಂಕು ಇಟ್ಟುಕೊಂಡು ಇದ್ದಳು. ಆ ಮನೆಯಲ್ಲಿ ಜಗಳವಿರಲಿಲ್ಲ, ಮಾತೂ ಇರಲಿಲ್ಲ. ತಟ್ಟೆಗೆ ಬಿದ್ದದ್ದನ್ನು ಉಂಡು ಎದ್ದರೆ ಆ ದಿನದ ಲೆಕ್ಕ ಮುಗಿಯಿತು.

ಅಂಗಡಿಗೆ ಸೇರಿದ ಮೊದಲ ವಾರವೇ ಅವಳ ಕೈಯಿಂದ ಒಂದು ಎಡವಟ್ಟಾಯಿತು. ರಟ್ಟು ಕಿತ್ತ ಒಂದು ಮಾಂಗಾ ಸಂಪುಟ ಬಂದಿತ್ತು. ಜಪಾನಿನವರ ಈ ಚಿತ್ರಕಥೆಗಳನ್ನು ಬಲದಿಂದ ಎಡಕ್ಕೆ ಓದಬೇಕೆಂದು ಅವಳಿಗೆ ಯಾರು ಹೇಳಿದ್ದರು? ಇಪ್ಪತ್ತೆರಡು ವರ್ಷದ ರೂಢಿಯಂತೆ ಮುಂದಿನ ರಟ್ಟನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಅಚ್ಚುಕಟ್ಟಾಗಿ ಅಂಟಿಸಿ ಕಳಿಸಿದಳು. ಶನಿವಾರ ಸಂಜೆ ಅಂಗಡಿಯ ಬೆಂಚಿನ ಮೇಲೆ ಸೇರುತ್ತಿದ್ದ ಮಾಂಗಾ ಹುಚ್ಚರಿಗೆ ಅದು ಸಿಕ್ಕಿತು. ಕಾರು ಕಲಿಸುವ ಡ್ರೈವಿಂಗ್ ಮೇಷ್ಟ್ರು ಹಲಗೆಯ ಮೇಲಿಂದ ತಲೆ ಹಾಕಿ, "ಅಮ್ಮಾ, ಇದು ರಿವರ್ಸ್ ಗೇರಲ್ಲಿ ಓಡೋ ಪುಸ್ತಕ," ಎಂದರು. ಬೆಂಚಿಗೆ ಬೆಂಚೇ ನಕ್ಕಿತು. ಅವಳಿಗೆ ನೆಲ ಬಿರಿದರೆ ಸಾಕೆನಿಸಿತು. ಇನ್ನೊಂದು ಸಲ ಹಾಗಾಗಬಾರದೆಂದು, ಯಾವ ಚಿತ್ರದ ಚೌಕದ ಮುಂದೆ ಯಾವ ಚೌಕ ಎಂದು ತಿಳಿಯಲು ಅವಳು ಮಾಂಗಾ ಓದತೊಡಗಿದಳು. ಓದುತ್ತ ಓದುತ್ತ ಸಿಕ್ಕಿಬಿದ್ದಳು.

ಆಗ ಎಲ್ಲರ ಬಾಯಲ್ಲಿದ್ದದ್ದು ಹೂಳೆತ್ತುವ ಹಡಗಿನ ಕಥೆ. ಬಂದರಿನಿಂದ ಬಂದರಿಗೆ ಹೋಗಿ ಕೆಸರು ತೋಡುವ ಒಂದು ಮುದಿ ಹಡಗು, ಅದರ ಏಳು ಮಂದಿ. ವರ್ಷಕ್ಕೆ ಐದಾರು ಸಂಪುಟ ಬರುತ್ತಿದ್ದವು. ಶನಿವಾರ ಬಂತೆಂದರೆ ಬೆಂಚಿನ ಮೇಲೆ ಕೋಳಿಜಗಳ. ಡ್ರೈವಿಂಗ್ ಮೇಷ್ಟ್ರಿಗೆ ಒಕ್ಕಣ್ಣಿನ ಮುಳುಗುಗಾರನೇ ದೊಡ್ಡವನು. ರಕ್ತ ಪರೀಕ್ಷೆಯ ಲ್ಯಾಬಿನ ಹುಡುಗಿಗೆ ಹಡಗಿನ ಕ್ಯಾಪ್ಟನ್ ಹೆಂಗಸನ್ನು ಬಿಟ್ಟರೆ ಇನ್ನಾರೂ ಕಣ್ಣಿಗೆ ಕಾಣರು. ನಿಮ್ಮ ಮುಳುಗುಗಾರ ಮುಳುಗೋದಕ್ಕಿಂತ ಬಡಾಯಿ ಕೊಚ್ಚೋದೇ ಜಾಸ್ತಿ ಎಂದು ಅವಳು, ನಿಮ್ಮ ಕ್ಯಾಪ್ಟನ್ನಿಗೆ ದಿಕ್ಕೇ ಗೊತ್ತಿಲ್ಲ, ನನ್ನ ಹತ್ತಿರ ಲೈಸೆನ್ಸಿಗೆ ಬಂದಿದ್ದರೆ ಫೇಲ್ ಮಾಡುತ್ತಿದ್ದೆ ಎಂದು ಇವರು. ರಬ್ಬರಮ್ಮ ಹಲಗೆಯ ಹಿಂದೆ ಕಿವಿ ತೆರೆದುಕೊಂಡು ದಾರಕ್ಕೆ ಮೇಣ ಹಚ್ಚುತ್ತಿದ್ದಳು. ಅವಳಿಗೂ ಒಂದು ಅಭಿಪ್ರಾಯವಿತ್ತು. ಕೇಳಿದವರಿರಲಿಲ್ಲ.

ಅವಳ ಅಭಿಪ್ರಾಯ ಹಡಗಿನ ಅಡುಗೆಯವನ ಬಗ್ಗೆ. ಒಂಬತ್ತನೆಯ ಸಂಪುಟದಲ್ಲಿ ಅವನು ಉಪ್ಪು ತರಲು ಒಂದು ಬಂದರಿನಲ್ಲಿ ಇಳಿಯುತ್ತಾನೆ. ಗಾಳಿ ಏಳುತ್ತದೆ, ಹಗ್ಗ ಬಿಚ್ಚುತ್ತಾರೆ, ಹಡಗು ಹೊರಟುಹೋಗುತ್ತದೆ. ಮುಂದಿನ ಬಂದರಿನಲ್ಲಿ ಹೊಸ ಅಡುಗೆಯವಳು ಹತ್ತುತ್ತಾಳೆ. ಉಳಿದ ಆರು ಮಂದಿಯಲ್ಲಿ ಒಬ್ಬರೂ ಅವನ ಹೆಸರೆತ್ತುವುದಿಲ್ಲ. ಆ ಅಡುಗೆಯವನು ಏಪ್ರನ್ನಿನ ದಾರವನ್ನು ಬೆನ್ನಿಗೆ ಕಟ್ಟದೆ, ಸುತ್ತಿ ತಂದು ಹೊಟ್ಟೆಯ ಮುಂದೆ ಗಂಟು ಹಾಕುತ್ತಿದ್ದ, ತುದಿಗಳೆರಡೂ ಮೊಣಕಾಲ ತನಕ ಇಳಿಬೀಳುತ್ತಿದ್ದವು. ರಬ್ಬರಮ್ಮ ಕಟ್ಟುತ್ತಿದ್ದದ್ದೂ ಹಾಗೆಯೇ. ಅಂಟು ಮೆತ್ತಿದ ಕೈ ಬೆನ್ನ ಹಿಂದಕ್ಕೆ ಹೋದರೆ ಬಟ್ಟೆಯೆಲ್ಲ ಹಾಳು. ಚಿತ್ರ ಬರೆದವನಿಗೆ ಕೆಲಸ ಮಾಡುವವರನ್ನು ನೋಡಿ ಗೊತ್ತಿದೆ ಎಂದುಕೊಂಡಿದ್ದಳು. ಅಂಥವನನ್ನು ದಡದಲ್ಲಿ ಬಿಟ್ಟುಬಿಟ್ಟರಲ್ಲ ಎಂದು ಸಂಕಟಪಟ್ಟಿದ್ದಳು. ಒಮ್ಮೆ ಊಟದ ಹೊತ್ತಿಗೆ ತಮ್ಮನ ಹೆಂಡತಿಯ ಮುಂದೆ ಬಾಯಿಬಿಟ್ಟಳು. "ಆ ಅಡುಗೆಯವನ ಚಿಂತೆ ಅವನ ಹೆಂಡ್ತಿಗಿರಲಿ ಅತ್ತಿಗೆ, ನೀವು ಉಣ್ಣಿ," ಎಂದಳು ಆಕೆ.

ಅದೇ ಸಂಕಟ ಇನ್ನೊಬ್ಬರಿಗೂ ಇದೆಯೆಂದು ಅವಳಿಗೆ ಗೊತ್ತಾದದ್ದು ಹತ್ತನೆಯ ಸಂಪುಟ ಮೇಜಿಗೆ ಬಂದಾಗ. ಹೊಲಿಗೆಯ ಮಗ್ಗುಲಿಗೆ, ಪುಟದ ಕೆಳಗಿನ ಒಳಮೂಲೆಯಲ್ಲಿ, ಪುಸ್ತಕವನ್ನು ಅಂಗಾತ ಬಿಡಿಸಿದರೆ ಮಾತ್ರ ಕಾಣುವ ಕಡೆ, ಇರುವೆಯಂಥ ಪೆನ್ಸಿಲ್ ಅಕ್ಷರ. 'ಅಡುಗೆಯವನನ್ನು ಯಾರೂ ಕೇಳಲೇ ಇಲ್ಲ. ಯಾರಿಗಾದರೂ ಅವನ ನೆನಪಿದೆಯೇ?' ಅವಳು ಎರಡು ಸಲ ಓದಿದಳು. ನನಗಿದೆ ಎಂದು ಮನಸ್ಸಿನಲ್ಲೇ ಹೇಳಿದಳು. ಆಮೇಲೆ ಮೆತ್ತನೆಯ ರಬ್ಬರು ತೆಗೆದುಕೊಂಡು ಉಜ್ಜಿದಳು. ಕೆಲಸವೇ ಅದಾಗಿತ್ತಲ್ಲ.

ಅಲ್ಲಿಂದ ಪ್ರತಿ ಸಂಪುಟದಲ್ಲೂ ಅದೇ ಮೂಲೆ, ಅದೇ ಕೈ. ಹೊಸ ಅಡುಗೆಯವಳು ಉಪ್ಪಿನ ಡಬ್ಬಿ ಇನ್ನೂ ಅವನಿಟ್ಟ ಜಾಗದಲ್ಲೇ ಇಟ್ಟಿದ್ದಾಳೆ, ಗಮನಿಸಿದಿರಾ? ಮುಳುಗುಗಾರ ಕಣ್ಣು ಕಳೆದುಕೊಂಡಾಗ ತಿನ್ನಿಸಿದವನು ಅಡುಗೆಯವನು, ಅವನೂ ಮರೆತನೇ? ಈ ಸಲವೂ ಬರಲಿಲ್ಲ. ಯಾರಾದರೂ ಇದ್ದರೆ ಕೆಳಗೆ ಒಂದು ಮಾತು ಬರೆಯಿರಿ. ಅವಳು ಒಂದೊಂದನ್ನೂ ಓದಿ, ಒಂದೊಂದಕ್ಕೂ ಮನಸ್ಸಿನಲ್ಲಿ ಉತ್ತರ ಕೊಟ್ಟು, ಒಂದೊಂದನ್ನೂ ಗುರುತಿಲ್ಲದಂತೆ ಅಳಿಸಿದಳು. ಪುಸ್ತಕದ ಕೊನೆಯ ಚೀಟಿಯಲ್ಲಿ ಸದಸ್ಯರ ಸಂಖ್ಯೆ ಬೀಳುತ್ತಿತ್ತು. ಆ ಕೈ ನೂರಾ ಹದಿನೆಂಟನೆಯವರದೆಂದು ಮೂರನೆಯ ಸಲಕ್ಕೇ ತಿಳಿಯಿತು. ಮುಖ ತಿಳಿದಿರಲಿಲ್ಲ. ಪೆನ್ಸಿಲ್ಲು ಎತ್ತಿ ಒಂದು ಉತ್ತರ ಗೀಚೋಣವೆಂದು ಒಂದೆರಡು ಸಲ ಕೈ ಮುಂದೆ ಹೋದದ್ದೂ ಉಂಟು. ಅಳಿಸುವವಳೇ ಬರೆದರೆ ನಾಚಿಕೆಗೇಡಲ್ಲವೇ ಎಂದು ಹಿಂದಕ್ಕೆ ತೆಗೆದಳು. ಮುಂದಿನ ಸಂಪುಟ ಬರುತ್ತದೆ, ಆ ಅಕ್ಷರವೂ ಬರುತ್ತದೆ, ಅವಸರವೇನು? ಹೀಗೆ ಮೂರು ವರ್ಷ ಹೋಯಿತು. ಸಂಪುಟವೊಂದು ಬಂದ ದಿನ ಅವಳು ಮೊದಲು ತೆರೆಯುತ್ತಿದ್ದದ್ದು ಒಳಮೂಲೆಯನ್ನೇ. ತನ್ನೊಡನೆ ಒಬ್ಬರು ಮಾತಾಡುತ್ತಿದ್ದಾರೆಂಬ ನೆಮ್ಮದಿ ಅವಳದು. ಆಚೆಯವರಿಗೆ ಆ ನೆಮ್ಮದಿ ಇಲ್ಲವೆಂಬುದು ಅವಳ ತಲೆಗೆ ಹೊಳೆಯಲೇ ಇಲ್ಲ.

ಇಪ್ಪತ್ತೈದನೆಯ ಸಂಪುಟದ ಮೂಲೆ ಖಾಲಿಯಿತ್ತು. ಚೀಟಿಯಲ್ಲಿ ನೂರಾ ಹದಿನೆಂಟು ಇತ್ತು, ಅಕ್ಷರವಿರಲಿಲ್ಲ. ಪುಟಪುಟವನ್ನೂ ಬೆಳಕಿಗೆ ಹಿಡಿದು ಹುಡುಕಿದಳು. ಇಪ್ಪತ್ತಾರರಲ್ಲಿ ಸಂಖ್ಯೆಯೂ ಇರಲಿಲ್ಲ.

ಇಪ್ಪತ್ತೇಳನೆಯದೇ ಕೊನೆಯದು. ಹೊಸ ಪ್ರತಿಗೆ ಚೀಟಿ ಅಂಟಿಸುವ ನೆಪದಲ್ಲಿ ಎಲ್ಲರಿಗಿಂತ ಮೊದಲು ಅವಳೇ ಓದಿದಳು. ಹಡಗನ್ನು ಮುರಿಯಲು ಎಳೆದುಕೊಂಡು ಹೋಗುತ್ತಿದ್ದಾರೆ. ಕೊನೆಗೆ ನಾಲ್ಕು ಪುಟ ಇರುವಾಗ ದಡದ ಮೇಲೆ ಜನ. ಆ ಜನರ ನಡುವೆ, ಹೆಬ್ಬೆಟ್ಟಿನಷ್ಟು ಎತ್ತರಕ್ಕೆ, ಒಬ್ಬ ಮುದುಕ. ಹೊಟ್ಟೆಯ ಮುಂದೆ ಗಂಟು, ಮೊಣಕಾಲ ತನಕ ಇಳಿಬಿದ್ದ ಎರಡು ತುದಿ.

ಶನಿವಾರ ಬೆಂಚಿನವರು ಕೊನೆಯ ಸಂಪುಟವನ್ನು ಚಿಂದಿ ಚಿಂದಿ ಮಾಡಿದರು. ಕ್ಯಾಪ್ಟನ್ ಅಳಬಾರದಿತ್ತು, ಮುಳುಗುಗಾರ ಸಾಯಬೇಕಿತ್ತು. ದಡದ ಮೇಲಿನ ಮುದುಕನ ಮಾತು ಯಾರೂ ಎತ್ತಲಿಲ್ಲ. ಕಾದು ಕಾದು ರಬ್ಬರಮ್ಮ ಎದ್ದುನಿಂತು ಹಲಗೆಯ ಮೇಲಿಂದ ಹೇಳಿದಳು, "ಅಡುಗೆಯವನು ಬಂದಿದ್ದಾನೆ. ನೂರಾ ಎಂಬತ್ತನೇ ಪುಟ."

ಲ್ಯಾಬಿನ ಹುಡುಗಿ ಪುಟ ತಿರುವಿ, ಕಣ್ಣು ಕಿರಿದು ಮಾಡಿ ನೋಡಿದಳು. "ಯಾವ ಅಡುಗೆಯವನು?" ಎಂದಳು. ಕೆಣಕಲು ಕೇಳಿದ್ದಲ್ಲ, ನಿಜವಾಗಿ ಮರೆತಿದ್ದಳು. ರಬ್ಬರಮ್ಮನೂ ಓದ್ತಾರಲ್ಲಪ್ಪ ಎಂದು ಮೇಷ್ಟ್ರು ಮೆಚ್ಚಿಕೊಂಡೇ ನಕ್ಕರು, ಮಾತು ಮತ್ತೆ ಮುಳುಗುಗಾರನತ್ತ ತಿರುಗಿತು. ಅವಳು ಕೂತಳು. ಈ ಮುದುಕನ ಗುರುತು ಹಿಡಿಯುವವರು ಪ್ರಪಂಚದಲ್ಲಿ ಇನ್ನೊಬ್ಬರೇ. ಅವರಿಗೆ ತಿಳಿಸದೆ ಇದ್ದರೆ ತಾನು ಉಂಡ ಅನ್ನ ಅರಗದು ಎನಿಸಿತು.

ನೂರಾ ಹದಿನೆಂಟು ಯಾರೆಂದು ಕೇಳಿದ್ದಕ್ಕೆ ಅಂಗಡಿಯವರು ಮೊದಲು ಗೊಣಗಿದರು, ಆಮೇಲೆ ಹೇಳಿದರು. ನೂರಾ ಹದಿನೆಂಟು ಎಂದರೆ ಲಾರಿ ತೂಕದ ಕಟ್ಟೆಯ ಗುಮಾಸ್ತ. ಗಂಟಲಿನ ಆಪರೇಷನ್ನಿನಲ್ಲಿ ದನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಬಾಗಿಲು ತೆರೆಯುವ ಹೊತ್ತಿಗೆ, ಯಾರೂ ಇಲ್ಲದಾಗ ಬಂದು, ಬೆರಳಲ್ಲಿ ಪುಸ್ತಕ ತೋರಿಸಿ ತೆಗೆದುಕೊಂಡು ಹೋಗುತ್ತಿದ್ದ. ಶನಿವಾರ ಬಾರಯ್ಯ ಎಂದರೆ ಗಂಟಲು ಮುಟ್ಟಿ ತೋರಿಸಿ ತಲೆಯಾಡಿಸುತ್ತಿದ್ದ.

ಭಾನುವಾರ ಮಧ್ಯಾಹ್ನ ಅವಳು ಪುಸ್ತಕವನ್ನು ಏಪ್ರನ್ನಿನ ಬಟ್ಟೆಯಲ್ಲಿ ಸುತ್ತಿಕೊಂಡು ಅವನ ಮನೆಗೆ ಹೋದಳು. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ ಬಾಗಿಲು ತಟ್ಟಿದರೆ ಅವನ ಅಕ್ಕ ತೆರೆದಳು. ಪುಸ್ತಕದಂಗಡಿಯವಳು ಎಂದೊಡನೆ ಆಕೆಯ ಮುಖ ಇಳಿಯಿತು. "ಪುಸ್ತಕಾನಾ? ಬಿಟ್ಟುಬಿಟ್ಟ. ಮೊದಲು ನನ್ನ ಹತ್ತಿರ ಪೆನ್ಸಿಲ್ಲಲ್ಲಿ ಬರೆದು ಜಗಳ ಆಡ್ತಿದ್ದ, ಈಗ ಅದೂ ಇಲ್ಲ. ಊಟ ಬೇಕಾ ಅಂದ್ರೆ ತಲೆ ಆಡಿಸ್ತಾನೆ, ಅಷ್ಟೆ. ಕಟ್ಟೆಗೆ ಹೋಗದೆ ನಾಲ್ಕು ತಿಂಗಳಾಯ್ತು."

ಅವನು ಕಿಟಕಿಯ ಕಡೆ ಬೆನ್ನು ಹಾಕಿ ಕುರ್ಚಿಯಲ್ಲಿದ್ದ. ಐವತ್ತು ದಾಟಿರಬಹುದು. ಕತ್ತಿಗೆ ಬಿಳಿ ಬಟ್ಟೆಯ ಚೂರು. ರಬ್ಬರಮ್ಮ ಕೂತಳು, ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದೆಲ್ಲ ಚೆಲ್ಲಿಹೋಯಿತು. ಕೊನೆಗೆ ಸುತ್ತುಬಳಸದೆ ಹೇಳಿದಳು, "ನೀವು ಬರೆದದ್ದನ್ನೆಲ್ಲ ಅಳಿಸಿದವಳು ನಾನು. ಬೇರೆ ಯಾರ ಕಣ್ಣಿಗೂ ಅದು ಬೀಳಲೇ ಇಲ್ಲ. ಬಿದ್ದಿದ್ರೆ ಉತ್ತರ ಬರ್ತಿತ್ತೇನೋ. ಬರಲಿಲ್ಲ ಅಂತ ನೀವು..."

ಅವನು ಕೈ ಚಾಚಿದ. ಅವಳು ಸುತ್ತಿದ ಏಪ್ರನ್ನಿನ ಜೇಬಿನಿಂದ ಗೆರೆ ಹಾಕುವ ಪೆನ್ಸಿಲ್ಲನ್ನೂ, ಚೀಟಿಯ ಕಾಗದವನ್ನೂ ಕೊಟ್ಟಳು. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದಂತೆ ಅವನು ಬರೆದ. ಅದೇ ಇರುವೆಯಂಥ ಅಕ್ಷರ.

'ನೀವು ಎಲ್ಲವನ್ನೂ ಓದಿದಿರಾ?'

"ಒಂದೂ ಬಿಟ್ಟಿಲ್ಲ. ಉಪ್ಪಿನ ಡಬ್ಬಿ ವಿಷಯ ನನಗೂ ಹೊಳೆದಿರಲಿಲ್ಲ, ನೀವು ಬರೆದ ಮೇಲೆ ಹೋಗಿ ನೋಡಿದೆ."

'ಹಾಗಾದರೆ ಒಬ್ಬರಿದ್ದರು.' ಬರೆದು ನಿಲ್ಲಿಸಿದ. ಅವನ ಮುಖ ಒಂದು ಗಳಿಗೆ ಸಡಿಲವಾದಂತೆ ಅವಳಿಗೆ ಕಂಡಿತು. ಅವಳಿಗೆ ಆಸೆ ಚಿಗುರಿತು. ಅಷ್ಟರಲ್ಲಿ ಪೆನ್ಸಿಲ್ಲು ಮತ್ತೆ ಕೆಳಗಿಳಿಯಿತು. 'ಒಂದು ಗೆರೆ ಎಳೆದಿದ್ದರೂ ಸಾಕಿತ್ತು.'

ಅವಳು ಬಟ್ಟೆ ಬಿಚ್ಚಿ ಪುಸ್ತಕ ತೆಗೆದು ನೂರಾ ಎಂಬತ್ತನೆಯ ಪುಟ ತೆರೆದು ಅವನ ತೊಡೆಯ ಮೇಲಿಟ್ಟಳು. ಬೆರಳಿಟ್ಟು ತೋರಿಸಿದಳು. ಬಂದಿದ್ದಾನೆ, ನೋಡಿ, ಗಂಟು ನೋಡಿ, ನೀವು ಕಾದದ್ದು ಸುಳ್ಳಾಗಲಿಲ್ಲ ಎಂದು ಮಗುವಿಗೆ ಹೇಳುವ ಹಾಗೆ ಹೇಳಿದಳು. ಅವನು ಪುಸ್ತಕವನ್ನು ಕಣ್ಣಿನ ಹತ್ತಿರಕ್ಕೆ ತಂದ. ದೂರ ಹಿಡಿದ. ಆಮೇಲೆ ಮುಚ್ಚಿ, ಅವಳ ಕಡೆಗೆ ಸರಿಸಿ, ಬರೆದ.

'ಇವನು ಯಾರೋ ಬೇರೆ. ನಿಮಗೆ ಬೇಕಾಗಿತ್ತು, ಕಂಡಿತು. ನನಗೂ ಮೊದಲು ಹಾಗೆ ಕಾಣುತ್ತಿತ್ತು.'

ವಾದ ಮಾಡಬೇಕೆಂದು ಅವಳಿಗೆ ಅನಿಸಿತು. ಬೆಂಚಿನ ಮೇಲೆ ಮೇಷ್ಟ್ರೂ ಹುಡುಗಿಯೂ ಮಾಡುವ ಹಾಗೆ, ಮೂಗು ಕೆಂಪಾಗುವ ತನಕ. ಆದರೆ ಅವನು ಪೆನ್ಸಿಲ್ಲನ್ನು ಅವಳ ಅಂಗೈಯಲ್ಲಿಟ್ಟು, ಅವಳ ಬೆರಳುಗಳನ್ನು ಮೆಲ್ಲಗೆ ಮಡಿಸಿ, ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿಕೊಂಡ. ಆ ಮೃದುತನವೇ ಅವಳಿಗೆ ಹೊಡೆತವಾಯಿತು. ಮೆಟ್ಟಿಲ ತನಕ ಬಂದ ಅಕ್ಕ, "ನಾಲ್ಕು ತಿಂಗಳಾದ ಮೇಲೆ ಇವತ್ತು ಬರೆದ. ಇನ್ನೊಂದ್ಸಲ ಬನ್ನಿ," ಎಂದಳು. ಅವಳು ಇನ್ನೂ ಮೂರು ಭಾನುವಾರ ಹೋದಳು. ಮೂರು ಸಲವೂ ಅವನ ಬೆನ್ನನ್ನಷ್ಟೇ ಕಂಡು ಬಂದಳು. ನಾಲ್ಕನೆಯ ಸಲ ಅಕ್ಕನೇ ಬಾಗಿಲಲ್ಲಿ ನಿಂತು, ಬೇಡ ಎಂದು ಕಣ್ಣಲ್ಲೇ ಹೇಳಿದಳು.

ಆ ವಾರ ಅವಳು ಕೊನೆಯ ಸಂಪುಟದ ಒಳಮೂಲೆಯಲ್ಲಿ ಪೆನ್ಸಿಲ್ಲಿನಿಂದ ಒಂದು ಗೆರೆ ಎಳೆದಳು. ಅಕ್ಷರ ಬರೆಯುವ ಧೈರ್ಯ ಆಗಲೂ ಬರಲಿಲ್ಲ. ಆ ಪುಸ್ತಕ ಹನ್ನೊಂದು ಕೈ ತಿರುಗಿ ಬಂತು. ಪ್ರತಿ ಸಲ ಅವಳು ಅಂಗಾತ ಬಿಡಿಸಿ ಮೊದಲು ಮೂಲೆ ನೋಡಿದಳು, ಆಮೇಲೆ ಚೀಟಿ ನೋಡಿದಳು. ನೂರಾ ಹದಿನೆಂಟು ಇರಲಿಲ್ಲ. ಗೆರೆಯ ಕೆಳಗೆ ಇನ್ನೊಂದು ಗೆರೆಯೂ ಇರಲಿಲ್ಲ. ಬೆಂಚಿನವರು ಆ ಹೊತ್ತಿಗೆ ಬೇರೊಂದು ಕಥೆ ಹಿಡಿದಿದ್ದರು, ಅದರಲ್ಲಿ ಯಾರು ದೊಡ್ಡವರೆಂದು ಗಂಟಲು ಹರಿದುಕೊಳ್ಳುತ್ತಿದ್ದರು.

ಹನ್ನೆರಡನೆಯ ಸಲ ಪುಸ್ತಕ ವಾಪಸಾದಾಗ ಅಂಗಡಿಯವರೇ ಅದನ್ನು ಬಿಡಿಸಿ ಹಿಡಿದುಕೊಂಡು ಹಲಗೆಯ ಬಳಿ ಬಂದರು. "ಅಮ್ಮಾ, ಇಲ್ಲಿ ಯಾರೋ ಗೀಚಿದ್ದಾರೆ ನೋಡಿ. ನಿಮ್ಮ ಕಣ್ಣು ತಪ್ಪಿದ್ದು ಇದೇ ಮೊದಲು." ಬೈದು ಹೇಳಿದ್ದಲ್ಲ, ಅಚ್ಚರಿಯಿಂದ ಹೇಳಿದ್ದು.

ಅವಳು ಮೆತ್ತನೆಯ ರಬ್ಬರನ್ನು ಅಂಗೈಯಲ್ಲಿ ನಾದಿ ಬಿಸಿ ಮಾಡಿಕೊಂಡಳು. ಒಂದೇ ಗೆರೆ, ಎರಡು ಸಲ ಉಜ್ಜಿದರೆ ಸಾಕಾಯಿತು. ಪುಡಿಯನ್ನು ಊದಿ, ಪುಟವನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿದಳು. ಏನೂ ಕಾಣಲಿಲ್ಲ. ಪುಸ್ತಕವನ್ನು ಕಪಾಟಿನ ಕಡೆಗೆ ಸರಿಸಿ, ಮುಂದಿನದನ್ನು ಎತ್ತಿಕೊಂಡಳು.