ಒಂದೇ ವಾಕ್ಯದ ಅರ್ಜಿ

ಸಣ್ಣ ವಾಕ್ಯಗಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ತೆಲುಗು ಸೀಮೆಯ ಜೀಡಿಮೆಟ್ಲಾದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹತ್ತನೇ ತರಗತಿಯ ಹುಡುಗಿಯರಿಗೆ ಇಂಗ್ಲಿಷ್ ಟ್ಯೂಷನ್ ಹೇಳುತ್ತಿದ್ದೆ. ಒಂದೇ ಸಂಗತಿ ಹೇಳಿ ಮುಗಿದರೆ ಸಿಂಪಲ್ ವಾಕ್ಯ. ಸರಿಸಮಾನವಾದ ಎರಡನ್ನು ‘ಆಂಡ್’, ‘ಬಟ್’ ಹಾಕಿ ಕೂಡಿಸಿದರೆ ಕಾಂಪೌಂಡ್. ಒಂದು ಮುಖ್ಯವಾಗಿ ನಿಂತು, ಉಳಿದವು ಅದಕ್ಕೆ ಒರಗಿಕೊಂಡರೆ ಕಾಂಪ್ಲೆಕ್ಸ್. ಪಾಠ ಇಷ್ಟೇ. ಆದರೆ ನನ್ನ ಕಣ್ಣಿಗೆ ಇದು ಕೆಳಗಿನಿಂದ ಮೇಲಕ್ಕೆ ಹತ್ತುವ ಮೆಟ್ಟಿಲಾಗಿತ್ತು. ಮಳೆ ಬಂತು, ಬಸ್ಸು ಬರಲಿಲ್ಲ, ನನಗೆ ತಡವಾಯಿತು ಎಂದು ಯಾವಳಾದರೂ ಬಿಡಿಬಿಡಿಯಾಗಿ ಬರೆದು ತಂದರೆ, ಇದೇನು ಬೆಂಡೆಕಾಯಿ ಹೆಚ್ಚಿದ್ದೀಯಾ ಎಂದು ನೋಟ್‌ಬುಕ್ ತಳ್ಳುತ್ತಿದ್ದೆ. ಮೂರನ್ನೂ ಕೂಡಿಸಿ ಒಂದೇ ಉದ್ದ ವಾಕ್ಯ ಮಾಡಿ ತಂದವಳಿಗೆ ಶಹಬ್ಬಾಸ್.

ನಮ್ಮ ಕಟ್ಟಡದ ಮೆಟ್ಟಿಲು ಗುಡಿಸುವ ಹೆಂಗಸು ಯಾದಗಿರಿ ಕಡೆಯವಳು. ಹಿಂದಿನ ತಗಡಿನ ಕೋಣೆಯಲ್ಲಿ ಗಂಡನ ಜೊತೆ ಇದ್ದಳು. ಫೋನಿನಲ್ಲಿ ನಾನು ತಂಗಿಯ ಮೇಲೆ ಕೂಗಾಡುವುದನ್ನು ಕೇಳಿ ನಾನು ಕನ್ನಡದವಳೆಂದು ತಿಳಿದುಕೊಂಡಿದ್ದಳು. ಅಲ್ಲಿಂದ ನಾನು ‘ಅಕ್ಕಾರ’. ಗಂಡ ಹತ್ತಿರದ ಒಂದು ಔಷಧಿ ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿ. ಒಂದು ಶ್ರಾವಣದಲ್ಲಿ ಅವನ ಬಲಗೈ ಪುಡಿ ಬೆರೆಸುವ ಯಂತ್ರಕ್ಕೆ ಸಿಕ್ಕಿತು. ಆಸ್ಪತ್ರೆಯಿಂದ ಬಂದಾಗ ಆ ಕೈಯಲ್ಲಿ ಕಿರುಬೆರಳೊಂದೇ ಉಳಿದಿತ್ತು.

ಗಾಯ ಮಾಯ್ದ ಮೇಲೆ ಅವಳು ನನ್ನ ಬಾಗಿಲಿಗೆ ಬಂದಳು. ಒಳಗೆ ಕರೆದರೂ ಕೂರಲಿಲ್ಲ.

“ಅಕ್ಕಾರ, ಆಫೀಸಿಗಿ ಇಂಗ್ಲಿಷ್‌ನಾಗ ಅರ್ಜಿ ಕೊಡ್ರಿ ಅಂದಾರ. ನೀವು ಬರದ್ರ ಭಾಳ ಉಪಕಾರ ಆಕೈತ್ರಿ.”

“ಏನಂತ ಬರೀಬೇಕು ಹೇಳು” ಎಂದೆ.

“ಮಷಿನ್ ಮುಚ್ಚಳ ಕೆಟ್ಟಿತ್ತು. ನಮ್ಮ ಮನಿಯವ್ರು ಹೇಳಿದ್ರು. ಸಾಹೇಬ್ರು ನಡಸು ಅಂದ್ರು. ಕೈ ಹೋತು. ಈಗ ಗೇಟ್ ಕಾಯೂ ಕೆಲಸ ಕೊಡ್ರಿ.”

ಐದು ವಾಕ್ಯ. ಅವಳು ಇನ್ನೇನೂ ಸೇರಿಸಲಿಲ್ಲ. ನನಗೋ ಒಳಗೊಳಗೇ ಹುಮ್ಮಸ್ಸು. ಬಿಳಿ ಹಾಳೆ ತೆಗೆದು ಕೂತೆ.

ನಮ್ಮ ಅಪ್ಪ ಇದೇ ಊರಿನ ರಕ್ಷಣಾ ಕಾರ್ಖಾನೆಯೊಂದರಲ್ಲಿ ಗುಮಾಸ್ತರಾಗಿದ್ದವರು. ಮೇಲಿನವರಿಗೆ ಏನೇ ಬರೆಯಲಿ, ಮೊದಲು ತಪ್ಪು ತಮ್ಮದೆಂದು ಒಪ್ಪಿಕೊಳ್ಳುತ್ತಿದ್ದರು; ಬಸ್ಸು ಕೆಟ್ಟು ತಡವಾದರೂ “ನನ್ನ ಅಜಾಗರೂಕತೆಯನ್ನು ಮನ್ನಿಸಿ” ಎಂದೇ ಶುರು. ನಮ್ಮ ಕಡೆ ಮಾತಿನಲ್ಲೂ ಹಾಗೆಯೇ. ದೊಡ್ಡವರ ಮುಂದೆ ಏನಾದರೂ ಕೇಳುವ ಮೊದಲು “ನಮ್ದೂ ತಪ್ಪೈತ್ರಿ, ಹೊಟ್ಯಾಗ ಹಾಕ್ಕೋರಿ” ಎಂದು ಬಗ್ಗುತ್ತೇವೆ. ತಪ್ಪು ಯಾರದೆಂಬ ಲೆಕ್ಕ ಅದಲ್ಲ, ಬರೀ ಮರ್ಯಾದೆ. ನಾನೂ ಅದನ್ನೇ ಮಾಡಿದೆ. ತನ್ನ ಅಜಾಗರೂಕತೆಯಿಂದ ಕೈ ಕಳೆದುಕೊಂಡಿದ್ದರೂ, ಇಷ್ಟು ವರ್ಷ ನಿಷ್ಠೆಯಿಂದ ದುಡಿದಿರುವುದರಿಂದ, ದಯಾಳುಗಳಾದ ತಾವು ತನ್ನನ್ನು ಕ್ಷಮಿಸಿ ಗೇಟಿನ ಕೆಲಸ ಕೊಡಬೇಕೆಂದು ಅವನು ಬೇಡಿಕೊಳ್ಳುವಂತೆ ಬರೆದೆ. ಮುಚ್ಚಳ ಕೆಟ್ಟದ್ದು, ಅವನು ಹೇಳಿದ್ದು, ಅವರು ನಡೆಸೆಂದದ್ದು, ಮೂರನ್ನೂ ಬಿಟ್ಟೆ. ಕೆಲಸ ಕೊಡುವವರ ಮುಖಕ್ಕೆ ಅವರ ತಪ್ಪನ್ನು ಹಿಡಿದು ತೋರಿಸುವುದುಂಟೇ? ಅರ್ಜಿಯ ತಿರುಳೆಲ್ಲ ಒಂದೇ ಕಾಂಪ್ಲೆಕ್ಸ್ ವಾಕ್ಯದಲ್ಲಿ ಕೂತಿತು. ಮಾರನೇ ದಿನ ಹುಡುಗಿಯರಿಗೆ ಅದನ್ನು ಬೋರ್ಡಿನ ಮೇಲೆ ಬರೆದೂ ತೋರಿಸಿದೆ.

ಗಂಡ ಹೆಂಡತಿ ಇಬ್ಬರೂ ಬಂದರು. ಇಂಗ್ಲಿಷಿನಲ್ಲೇ ಗಟ್ಟಿಯಾಗಿ ಓದಿದೆ. ಪೂಜಾರಿ ಮಂತ್ರ ಹೇಳುವಾಗ ನಿಲ್ಲುವಂತೆ ನಿಂತು ಕೇಳಿದರು. “ಭಾಳ ಛಲೋ ಬರದೀರಿ ಅಕ್ಕಾರ” ಎಂದಳು ಅವಳು. ಏನು ಬರೆದಿದ್ದೇನೆಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಅವನು ಎಡಗೈ ಹೆಬ್ಬೆಟ್ಟು ಒತ್ತಿದ.

ಹದಿನೈದು ದಿನ ಕಳೆದ ಮೇಲೆ ಕಾರ್ಖಾನೆಯಿಂದ ಕಾಗದ ಬಂತು. ಅವಳು ಅದನ್ನು ಮಡಚಿದ ಹಾಗೆಯೇ ನನ್ನ ಕೈಗಿಟ್ಟಳು. ಅಪಘಾತ ತನ್ನ ಅಜಾಗರೂಕತೆಯಿಂದ ಆದದ್ದೆಂದು ಕಾರ್ಮಿಕನೇ ಲಿಖಿತವಾಗಿ ಒಪ್ಪಿಕೊಂಡಿರುವುದರಿಂದ ಅವನನ್ನು ಮತ್ತೆ ಸೇರಿಸಿಕೊಳ್ಳಲು ಬರುವುದಿಲ್ಲವೆಂದು ಇತ್ತು. ನನ್ನ ಶಬ್ದಗಳನ್ನೇ ಎತ್ತಿ ಬರೆದಿದ್ದರು. ಇನ್ನೂ ತೀರ್ಮಾನವಾಗಿಲ್ಲ, ನಾನೇ ಬಂದು ಮಾತಾಡುತ್ತೇನೆ ಎಂದು ಅವಳಿಗೆ ಸುಳ್ಳು ಹೇಳಿದೆ.

ಮರುದಿನ ಆಟೋದಲ್ಲಿ ಇಬ್ಬರೂ ಹೋದೆವು. ಅವಳನ್ನು ಗೇಟಿನಲ್ಲೇ ನಿಲ್ಲಿಸಿದರು. ನನ್ನ ಇಂಗ್ಲಿಷ್ ಕೇಳಿ ನನಗೆ ದಾರಿ ಬಿಟ್ಟರು. ಮ್ಯಾನೇಜರ್ ಕುರ್ಚಿ ಕೊಟ್ಟು ಚಹಾ ತರಿಸಿದರು. ಮುಚ್ಚಳದ ವಿಷಯ ಹೇಳಿದೆ. ಅರ್ಜಿ ಬರೆದವಳು ನಾನೇ, ಕ್ಷಮೆ ಕೇಳುವುದು ನಮ್ಮಲ್ಲಿ ಬರೀ ವಾಡಿಕೆ ಎಂದೂ ಹೇಳಿದೆ.

ಅವರು ಫೈಲು ಬಿಚ್ಚಿ ಹೆಬ್ಬೆಟ್ಟಿನ ಗುರುತು ನೋಡಿದರು.

“ನೀವು ವಿದ್ಯಾವಂತರು, ಟೀಚರ್” ಎಂದರು. “ಇದರಲ್ಲಿ ಏನಿದೆ ಎಂದು ಅವನಿಗೆ ಅವನ ಭಾಷೆಯಲ್ಲಿ ತಿಳಿಸಿ ತಾನೇ ಒತ್ತಿಸಿಕೊಂಡಿದ್ದು? ತಿಳಿಯದೆ ಒತ್ತಿದ್ದರೆ ಹೇಳಿ. ಈ ಅರ್ಜಿ ತೆಗೆದಿಟ್ಟು ಬೇರೆ ಬರೆಸಿಕೊಳ್ಳುತ್ತೇನೆ.”

ಅಷ್ಟೇ ಸಾಕಿತ್ತು. ಇಲ್ಲ, ತಿಳಿಸಲಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಆ ಮನುಷ್ಯ ನನ್ನನ್ನು ಟೀಚರ್ ಎಂದು ಕರೆದು ಎದುರಿಗೆ ಕೂರಿಸಿದ್ದ. ಅನಕ್ಷರಸ್ಥನೊಬ್ಬನಿಗೆ ಅರ್ಥ ಹೇಳದೆ ಹೆಬ್ಬೆಟ್ಟು ಒತ್ತಿಸಿಕೊಂಡವಳು ನಾನು ಎಂದು ಹೇಳಲು ನಾಲಿಗೆ ಏಳಲಿಲ್ಲ.

“ತಿಳಿಸಿದ್ದೆ” ಎಂದೆ.

ಅವರು ಫೈಲು ಮುಚ್ಚಿದರು.

ಗೇಟಿನ ಹತ್ತಿರ ಅವಳು ಬಿಸಿಲಿನಲ್ಲೇ ನಿಂತಿದ್ದಳು. “ಏನಂದ್ರರೀ ಅಕ್ಕಾರ?” ಎಂದು ಓಡಿ ಬಂದಳು.

“ಆಗಲ್ಲ ಅಂದ್ರು” ಎಂದೆ.

“ನೀವಾರ ನಮ್ಮ ಸಲುವಾಗಿ ಬಂದ್ರಲ್ಲ” ಎಂದು ಅವಳು ಬಗ್ಗಿ ನನ್ನ ಕಾಲು ಮುಟ್ಟಿದಳು.