ಔಟಾಗದ ಪೆಟಿಫರ್

ಆಂಬ್ರೋಸ್ ಪೆಟಿಫರ್ ಬ್ಯಾಟು ಹಿಡಿದು ನಿಂತನೆಂದರೆ ನಾನು ಚಹಾದ ಕೆಟಲನ್ನು ಒಲೆಯಿಂದ ಇಳಿಸಿಬಿಡುತ್ತಿದ್ದೆ. ಮಾರ್ಲ್‌ಬಿಯ ಕ್ರಿಕೆಟ್ ತಂಡಕ್ಕೆ ಮೂವತ್ತು ವರ್ಷ ಚಹಾ, ಸ್ಯಾಂಡ್‌ವಿಚ್ ಮಾಡಿಕೊಟ್ಟವಳು ನಾನು. ನನ್ನ ಸೌತೆಕಾಯಿ ಸ್ಯಾಂಡ್‌ವಿಚ್ಚನ್ನು ಅವನಷ್ಟು ಒಣಗಿಸಿದವರು ಇನ್ನೊಬ್ಬರಿಲ್ಲ.

ಬೀಜದ ವ್ಯಾಪಾರಿಯ ಮಗ. ಆಟಕ್ಕೆಂದು ಬಿಡಿಗಾಸು ಮುಟ್ಟಿದವನಲ್ಲ. ಜಿಲ್ಲಾ ತಂಡದಲ್ಲಿ ಎರಡು ಬೇಸಿಗೆ ಆಡಿದಾಗಲೂ ರೈಲಿನ ಟಿಕೀಟು ಅವನದೇ. ಗೆಲ್ಲಿಸುವುದು ಅವನಿಂದಾಗುತ್ತಿರಲಿಲ್ಲ, ಸೋಲದಂತೆ ನೋಡಿಕೊಳ್ಳುತ್ತಿದ್ದ. ಮೂರು ಗಂಟೆ ಆಡಿ ಒಂಬತ್ತು ರನ್! ಮೈದಾನ ನೋಡಿಕೊಳ್ಳುವ ನನ್ನ ಗಂಡ ವಿಲ್ಫ್ ಬೇಲಿಯಾಚೆಯಿಂದ ಕೂಗುತ್ತಿದ್ದ: "ಔಟಾಗೋ ಪುಣ್ಯಾತ್ಮ, ನಾವೂ ಮನೆಗೆ ಹೋಗ್ಬೇಕು!"

"ನೀನು ನಡಿ ವಿಲ್ಫ್, ನಾನೇ ಬೀಗ ಹಾಕ್ಕೊಂಡು ಬರ್ತೀನಿ," ಎನ್ನುತ್ತಿದ್ದ ಪೆಟಿಫರ್.

ಮಂಡಿನೋವಿನಿಂದ ಆಟ ಬಿಟ್ಟವನು ಐವತ್ತಕ್ಕೆ ಜಿಲ್ಲಾ ಪರಿಷತ್ತಿನ ಚುನಾವಣೆಗೆ ನಿಂತ. ಎದುರಾಳಿ ಒಂದೇ ದಿನದಲ್ಲಿ ಊರು ಸುತ್ತಿ ಮುಗಿಸಿದ. ಇವನು ಮನೆಮನೆಯಲ್ಲೂ ಕೂತು, ಕೇಕು ತಿಂದು, ಅಜ್ಜಿಯರ ಕೀಲುನೋವಿನ ಕಥೆಯನ್ನು ಆಮೂಲಾಗ್ರವಾಗಿ ಕೇಳಿದ. ಎದ್ದು ಹೋದರೆ ಸಾಕೆಂದೇ ಅರ್ಧ ಊರು ಓಟು ಹಾಕಿತು. ನಾನೂ ಹಾಕಿದೆ.

ಮರುವರ್ಷ ಹೊಸ ರಸ್ತೆಯ ಪ್ರಸ್ತಾವ ಬಂತು, ನಮ್ಮ ಮೈದಾನದ ನಟ್ಟನಡುವೆ. ಆ ಕಾಗದ ಓದಿದ ದಿನದಿಂದ ವಿಲ್ಫ್‌ಗೆ ಊಟ ಸೇರಲಿಲ್ಲ. ಇಪ್ಪತ್ತಾರು ವರ್ಷ ಮಗುವಿನಂತೆ ಸಾಕಿದ ಹುಲ್ಲು ಅದು. ಪರಿಷತ್ತಿನಲ್ಲಿ ರಸ್ತೆ ಬೇಕೆನ್ನುವವರ ಕಡೆಯೇ ತಲೆ ಹೆಚ್ಚು. ಮತಕ್ಕೆ ಹಾಕಿದರೆ ಕಥೆ ಮುಗಿದಂತೆ. ಆದರೆ ಸಭೆ ಕೂಡಿದ ದಿನವೇ ಸರ್ಕಾರ ಕೊಟ್ಟ ಗಡುವಿನ ಕೊನೆಯ ದಿನ. ಸಭೆ ನಾಲ್ಕಕ್ಕೆ ಮುಗಿಯಲೇಬೇಕು, ಎದ್ದು ಮಾತಾಡುವವರು ಕೂರುವತನಕ ಮತಕ್ಕೆ ಹಾಕುವಂತಿಲ್ಲ. ಅಷ್ಟರಲ್ಲಿ ಮತ ಬೀಳದಿದ್ದರೆ ರಸ್ತೆ ಬೇರೆ ಊರಿಗೆ.

ಎರಡು ಗಂಟೆಗೆ ಪೆಟಿಫರ್ ಮಾತಾಡಲು ಎದ್ದ. ಚರಂಡಿ, ಎರೆಹುಳು, ತಾತನ ಕಾಲದ ಆಲಿಕಲ್ಲು ಮಳೆ, ಆ ಮಳೆಯಲ್ಲಿ ಬೆದರಿದ ಕುದುರೆ, ಒಂದನ್ನೂ ಬಿಡಲಿಲ್ಲ.

"ವಿಷಯಕ್ಕೆ ಬನ್ರೀ!" ಎಂದು ಅಧ್ಯಕ್ಷರು ರೇಗಿದರು.

"ಬರ್ತಾ ಇದೀನಿ ಸಾರ್, ದಾರೀಲೇ ಇದೀನಿ," ಎಂದು ಇವನು ನೀರು ಗುಟುಕರಿಸಿದ.

ಮೂರೂವರೆಗೆ ಅವನ ದನಿ ಒಡೆಯಿತು. ಪ್ರೇಕ್ಷಕರ ಸಾಲಿನಲ್ಲಿ ವಿಲ್ಫ್ ನನ್ನ ಕೈ ಹಿಸುಕಿದ. "ಔಟಾಗ್ಬೇಡ ಕಣೋ, ನಿನ್ ಕಾಲಿಗೆ ಬೀಳ್ತೀನಿ, ಔಟಾಗ್ಬೇಡ."

ಮಾತು ಎರಡನೇ ಸಲ ಎರೆಹುಳುವಿಗೆ ಬಂದಾಗ ಗಡಿಯಾರ ನಾಲ್ಕು ಹೊಡೆಯಿತು. ಆ ಬೇಸರದ ಮನುಷ್ಯನ ಮೇಲೆ ನನಗೆ ಅವತ್ತು ಉಕ್ಕಿದ ಪ್ರೀತಿ ಅಷ್ಟಿಷ್ಟಲ್ಲ.

ಮರುದಿನ ಬೆಳಿಗ್ಗೆ ಹಾಸಿಗೆಯಲ್ಲಿ ವಿಲ್ಫ್ ಇರಲಿಲ್ಲ. ಕಿಟಕಿಯಿಂದ ನೋಡಿದೆ, ಜಿಟಿಜಿಟಿ ಮಳೆ. ಅರವತ್ತೆರಡರ ನನ್ನ ಗಂಡ ಪಿಚ್ಚಿನ ಪಕ್ಕ ಮಂಡಿಯೂರಿ, ಸಿಳ್ಳೆ ಹಾಕುತ್ತ, ಒಂದೊಂದೇ ಕಳೆ ಕೀಳುತ್ತಿದ್ದ. ಛತ್ರಿ ಕೈಗೆತ್ತಿಕೊಂಡವಳು ಮತ್ತೆ ಅಲ್ಲೇ ಇಟ್ಟೆ. ನೆನೆಯಲಿ ಅನ್ನಿಸಿತು.